ನಾಗರಕಲ್ಲು ಡಿ.ಎನ್.ಎ. ಅಲ್ಲ, ಗೋತ್ರ ಜೆನೆಟಿಕ್ಸ್ ಅಲ್ಲ

ಇಲ್ಲಿ ಏನಾದರೂ ಬರೆದು ಬಹಳ ದಿನ ಆಯಿತು. ಆಫೀಸು, ರಿಲೀಸು, ಮತ್ತೆ ಆಫೀಸು... ಅದೇ ರಾಗ, ನಿಮಗೂ ಗೊತ್ತಿರುವುದೇ. ಇವತ್ತು ಕೂತು ಕುಟ್ಟುತ್ತಿರುವುದಕ್ಕೆ ಕಾರಣ ಸಿಟ್ಟು. ಯಾರಿಗಾದರೂ ಬೇಜಾರಾದರೆ ಕ್ಷಮೆ ಇರಲಿ. ಹೇಳಬೇಕಾದ್ದನ್ನು ಮಾತ್ರ ಹೇಳಿಯೇ ತೀರುತ್ತೇನೆ.

ಹೋದ ತಿಂಗಳು ಅರಸೀಕೆರೆಯಲ್ಲಿ ನೆಂಟರ ಮನೆ ಗೃಹಪ್ರವೇಶ. ಮಾರನೇ ದಿನ ಬಂದವರೆಲ್ಲ ಸೇರಿ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಬಾಣಾವರ, ಜಾವಗಲ್ ಮೇಲೆ ಹಳೇಬೀಡು, ಬೇಲೂರಿಗೆ ಹೊರಟೆವು. ಅರಸೀಕೆರೆ ಕಡೆಯವರಿಗೆ ಇದು ಗೊತ್ತು: ಸ್ಕೂಲಿನಲ್ಲಿದ್ದಾಗ ಟ್ರಿಪ್ಪು ಅಂದರೂ ಹಳೇಬೀಡು, ಮನೆಗೆ ನೆಂಟರು ಬಂದರೂ ಹಳೇಬೀಡು :-) ಜಾವಗಲ್ ದಾಟಿದ ಮೇಲೆ ಟೀಗೆ ನಿಲ್ಲಿಸಿದ ಕಡೆ ಒಂದು ಅರಳಿಕಟ್ಟೆ ಇತ್ತು. ಕಟ್ಟೆಯ ಮೇಲೆ ಸಾಲಾಗಿ ನಾಗರಕಲ್ಲುಗಳು. ಅದರಲ್ಲೊಂದು, ಎರಡು ಹಾವು ಒಂದಕ್ಕೊಂದು ಹೆಣೆದುಕೊಂಡು ಹೆಡೆ ಎತ್ತಿ ಎದುರುಬದುರು ನಿಂತಿರುವಂಥದ್ದು.

ನಮ್ಮ ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಟೀ ಲೋಟ ಹಿಡಿದುಕೊಂಡೇ ನನ್ನನ್ನು ಕರೆದರು.

"ಏನಪ್ಪಾ ಇಂಜಿನಿಯರ್ರೇ, ಇದೇನು ಹೇಳು ನೋಡೋಣ?"

"ನಾಗರಕಲ್ಲು ದೊಡ್ಡಪ್ಪ."

"ಅಷ್ಟೇ ನಿಮ್ಗೆ ಕಾಣೋದು. ಡಿ.ಎನ್.ಎ. ಕಣೋ ಇದು! ಎರಡು ಎಳೆ, ಸುತ್ಕೊಂಡಿರೋದು ನೋಡು. ಬಿಳಿಯರು 1953ರಲ್ಲಿ ಕಂಡುಹಿಡಿದ್ರು, ನಮ್ಮೋರು ಯಾವತ್ತೋ ಕಲ್ಲಲ್ಲಿ ಕಡೆದಿಟ್ಟಿದ್ರು. ಇದೆಲ್ಲಾ ಗೊತ್ತಿದ್ದಕ್ಕೇ ಗೋತ್ರ ಅಂತ ಮಾಡಿದ್ದು. ಗೋತ್ರ ಬೇರೆ ಆದ್ಮೇಲೆ ಇನ್ಯಾವ ಟೆಸ್ಟು, ಇನ್ಯಾವ ಡಾಕ್ಟ್ರು?"

ಕೊನೆಯ ಆ ಮಾತು ನನಗೇ ಹೇಳಿದ್ದು. ಅದರ ಹಿಂದಿನ ಕಥೆ ಇಷ್ಟು. (ಅಕ್ಕನನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.) ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಅಮ್ಮಂದಿರ ಕೊನೇ ತಮ್ಮನಿಗೇ, ಅಂದರೆ ಅವಳ ಸೋದರಮಾವನಿಗೇ ಕೊಟ್ಟರು. ನಮ್ಮ ಕಡೆ ಇದು ಹೊಸದೇನಲ್ಲ. ಅವರ ಮಗನಿಗೆ ಈಗ ಆರು ವರ್ಷ. ಹುಟ್ಟಿದಾಗಿನಿಂದ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಈಗ ಎರಡನೆಯವಳನ್ನು ದೊಡ್ಡ ಮಾವನ ಮಗನಿಗೆ ಕೊಡುವ ಮಾತು ನಡೆದಿದೆ. ನಾನು ಕೇಳಿದ್ದು ಒಂದೇ: ಹುಡುಗ ಹುಡುಗಿ ಇಬ್ಬರೂ ಮದುವೆಗೆ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಅದಕ್ಕೆ ಸಿಕ್ಕ ಉತ್ತರ ಈ ನಾಗರಕಲ್ಲು.

ಇಂಥ ಮಾತನ್ನು ನಾವು ನೀವು ವಾಟ್ಸಾಪಿನಲ್ಲಿ ದಿನಾ ನೋಡುತ್ತೇವೆ. ನಕ್ಕು ಸುಮ್ಮನಾಗುತ್ತೇವೆ. ಪಾಪ ಹಿರಿಯರು, ಹೆಮ್ಮೆ ಪಟ್ಟುಕೊಳ್ಳಲಿ ಬಿಡು ಅನ್ನುತ್ತೇವೆ. ನಾನೂ ಹಾಗೇ ಬಿಟ್ಟವನು. ಆದರೆ ಆ ಹೆಮ್ಮೆ ಹುಟ್ಟಲಿರುವ ಮಗುವಿನ ಲೆಕ್ಕಕ್ಕೆ ಅಡ್ಡ ಬಂದು ನಿಂತಾಗ ಸುಮ್ಮನಿರುವುದು ಮರ್ಯಾದೆ ಅಲ್ಲ, ಹೇಡಿತನ.

ಮೊದಲು ಹಾವಿನ ವಿಷಯ ಮುಗಿಸೋಣ.

ಎರಡು ಎಳೆ ಸುತ್ತಿಕೊಂಡಿದ್ದೆಲ್ಲ ಡಿ.ಎನ್.ಎ. ಆಗುವುದಾದರೆ ಅರಸೀಕೆರೆಯಲ್ಲಿ ತೆಂಗಿನ ನಾರಿನಿಂದ ಹೊಸೆಯುವ ಹುರಿಯೂ ಡಿ.ಎನ್.ಎ. ಬಳ್ಳಿಗೆ ಬಳ್ಳಿ ಸುತ್ತಿದ್ದೂ ಡಿ.ಎನ್.ಎ. 1953ರಲ್ಲಿ ಗೊತ್ತಾಗಿದ್ದು "ಸುತ್ತಿಕೊಂಡಿದೆ" ಅನ್ನುವ ಸುದ್ದಿ ಅಷ್ಟೇ ಅಲ್ಲ. ಎರಡು ಎಳೆಗಳ ನಡುವೆ ಏಣಿಯ ಮೆಟ್ಟಿಲಿನಂತೆ ಏನಿದೆ, ಅದು ಯಾವ ಲೆಕ್ಕದಲ್ಲಿ ಜೋಡಣೆಯಾಗಿದೆ ಅನ್ನುವುದೇ ಸುದ್ದಿ. ನಾಲ್ಕು ಥರದ ಕಣ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಚಿಕ್ಕದಾಗಿ ಎ, ಟಿ, ಜಿ, ಸಿ ಅನ್ನೋಣ. ಒಂದು ಎಳೆಯಲ್ಲಿ ಎ ಇದ್ದರೆ ಎದುರಿನ ಎಳೆಯಲ್ಲಿ ಟಿ ಇರಲೇಬೇಕು. ಜಿ ಇದ್ದರೆ ಎದುರಿಗೆ ಸಿ. ಬೇರೆ ಜೋಡಿ ಅಲ್ಲಿ ಸರಿಯಾಗಿ ಕೂರುವುದಿಲ್ಲ.

ಇದರ ಅರ್ಥ ನಮ್ಮಂಥ ಕೋಡು ಬರೆಯುವವರಿಗೆ ಥಟ್ಟನೆ ಹೊಳೆಯಬೇಕು. ಒಂದು ಎಳೆ ಕೈಯಲ್ಲಿದ್ದರೆ ಇನ್ನೊಂದನ್ನು ಪೂರ್ತಿ ಬರೆದುಬಿಡಬಹುದು. ಜೀವಕೋಶ ಎರಡಾಗುವ ಮೊದಲು ಈ ಏಣಿ ಜಿಪ್ಪಿನಂತೆ ನಡುವೆ ಬಿಚ್ಚಿಕೊಳ್ಳುತ್ತದೆ, ಒಂದೊಂದು ಅರ್ಧವೂ ತನ್ನ ಜೋಡಿಯನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಒಂದಿದ್ದದ್ದು ಎರಡಾಯಿತು, ಅಕ್ಷರ ಅಕ್ಷರವೂ ಅದೇ. ಅಪ್ಪ ಅಮ್ಮನಿಂದ ಮಕ್ಕಳಿಗೆ ಏನಾದರೂ ಹೇಗೆ ದಾಟುತ್ತದೆ ಅನ್ನುವ ಸಾವಿರಾರು ವರ್ಷದ ಪ್ರಶ್ನೆಗೆ ಉತ್ತರ ಆ ಜೋಡಿ ನಿಯಮದಲ್ಲಿದೆ, ಸುರುಳಿಯಲ್ಲಿ ಅಲ್ಲ. ನಾಗರಕಲ್ಲಿನಲ್ಲಿ ಆ ಜೋಡಿ ಎಲ್ಲಿದೆ, ಆ ಅಕ್ಷರ ಎಲ್ಲಿದೆ, ಯಾರಾದರೂ ತೋರಿಸಿ.

ಇನ್ನು ಅಳತೆ. ಈ ಏಣಿಯ ಅಗಲ ಸುಮಾರು 2 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಐದು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗ. ಒಂದು ಜೀವಕೋಶದೊಳಗೆ ಮಡಚಿಟ್ಟಿರುವ ಡಿ.ಎನ್.ಎ.ಯನ್ನೆಲ್ಲ ಬಿಡಿಸಿ ಎಳೆದರೆ ಸುಮಾರು 2 ಮೀಟರ್ ಉದ್ದ. ಅಮ್ಮನಿಂದ ಬಂದ ಒಂದು ಪ್ರತಿಯಲ್ಲೇ ಸುಮಾರು 300 ಕೋಟಿ ಅಕ್ಷರ, ಅಪ್ಪನಿಂದ ಬಂದದ್ದರಲ್ಲಿ ಮತ್ತೆ ಅಷ್ಟು. ನಾಲ್ಕೇ ಅಕ್ಷರ ಆದ್ದರಿಂದ ಒಂದೊಂದಕ್ಕೆ 2 ಬಿಟ್ ಸಾಕು. ಲೆಕ್ಕ ಹಾಕಿ ನೋಡಿ: 600 ಕೋಟಿ ಬಿಟ್, ಅಂದರೆ 75 ಕೋಟಿ ಬೈಟ್. ಹಳೇ ಸಿ.ಡಿ. ಒಂದಕ್ಕೆ ಹಿಡಿಸುವುದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನೀವು ನಾನು ಎಲ್ಲ ಒಂದೊಂದು ಸಿ.ಡಿ. :-)

ಈ ಅಕ್ಷರಗಳು ಏನು ಹೇಳುತ್ತವೆ? ಡಿ.ಎನ್.ಎ.ಯ ಒಂದೊಂದು ತುಂಡು, ಅದನ್ನೇ ಜೀನು ಅನ್ನುವುದು, ಮುಖ್ಯವಾಗಿ ಒಂದು ಪ್ರೋಟೀನನ್ನು ಹೇಗೆ ಕಟ್ಟಬೇಕು ಅನ್ನುವ ಪಟ್ಟಿ. ನಮ್ಮಲ್ಲಿ ಇಂಥ ಸುಮಾರು 20,000 ಜೀನುಗಳಿವೆ. ಮೂರು ಮೂರು ಅಕ್ಷರ ಸೇರಿ ಒಂದು ಪದ. 4 ಅಕ್ಷರದಲ್ಲಿ ಮೂರರ ಪದಗಳು 64. ಅದರಲ್ಲಿ 61 ಪದಗಳು ಅಮೈನೋ ಆಮ್ಲಗಳನ್ನು ಹೇಳುತ್ತವೆ, ಉಳಿದ 3 "ಇಲ್ಲಿಗೆ ನಿಲ್ಲಿಸು" ಅನ್ನುತ್ತವೆ. ಈ ನಿಘಂಟನ್ನು ಬಿಡಿಸಿದವರಲ್ಲಿ ಹರಗೋಬಿಂದ ಖೊರಾನ ಒಬ್ಬರು. ಅವಿಭಜಿತ ಪಂಜಾಬಿನ ರಾಯ್‌ಪುರ ಅನ್ನುವ ಹಳ್ಳಿಯಲ್ಲಿ ಹುಟ್ಟಿ, ಲಾಹೋರಿನಲ್ಲಿ ಓದಿ, 1968ರಲ್ಲಿ ನಿರೆನ್‌ಬರ್ಗ್ ಮತ್ತು ಹಾಲಿ ಜೊತೆ ನೊಬೆಲ್ ಪಡೆದವರು. ಡಿ.ಎನ್.ಎ.ಯಲ್ಲಿ ಭಾರತದ ಹೆಸರು ಬೇಕು ಅಂದರೆ ಇಗೋ ಇಲ್ಲಿದೆ, ಸುಳ್ಳು ಸೇರಿಸದ ಹೆಸರು. ಅವರ ಬಗ್ಗೆ ಒಂದೇ ಒಂದು ಫಾರ್ವರ್ಡು ನನಗೆ ಇವತ್ತಿನವರೆಗೆ ಬಂದಿಲ್ಲ. ಹಾವಿನದು ಮಾತ್ರ ನಾಲ್ಕು ಗ್ರೂಪಿನಲ್ಲಿ ಬಂದಿದೆ.

ಈಗ ನಮ್ಮ ಮನೆಗೆ ಬರುತ್ತೇನೆ.

ಅಕ್ಕನ ಮಗನಿಗೆ ಕಿವುಡು ಅಂತ ಗೊತ್ತಾದ ಮೇಲೆ ಡಾಕ್ಟರು ಜೀನು ಪರೀಕ್ಷೆ ಮಾಡಿಸಿದರು. ಸಿಕ್ಕಿದ್ದು ಕನೆಕ್ಸಿನ್ 26 ಅನ್ನುವ ಪ್ರೋಟೀನಿನ ಜೀನಿನಲ್ಲಿ ಒಂದು ಅಕ್ಷರದೋಷ. ಒಳಗಿವಿಯ ಜೀವಕೋಶಗಳ ನಡುವೆ ಲವಣದ ಕಣಗಳು ಓಡಾಡುವ ಬಾಗಿಲನ್ನು ಕಟ್ಟುವುದು ಈ ಪ್ರೋಟೀನು. ಅದರಲ್ಲಿ 226 ಅಮೈನೋ ಆಮ್ಲ. 24ನೇ ಜಾಗದಲ್ಲಿ ಇರಬೇಕಾದ ಪದ ಟಿ-ಜಿ-ಜಿ, ಅಂದರೆ ಟ್ರಿಪ್ಟೋಫ್ಯಾನ್ ಹಾಕು. ನಮ್ಮ ಹುಡುಗನಲ್ಲಿ ನಡುವಿನ ಜಿ ಹೋಗಿ ಎ ಬಂದಿದೆ. ಟಿ-ಎ-ಜಿ. ಅಂದರೆ ನಿಲ್ಲಿಸು! 226 ಇಟ್ಟಿಗೆಯ ಗೋಡೆ 23ಕ್ಕೇ ನಿಂತುಹೋಯಿತು. ಬಾಗಿಲೇ ಇಲ್ಲ. ನಮ್ಮ ಕೋಡಿನಲ್ಲಿ ಲೂಪಿನ ನಡುವೆ ಎಲ್ಲೋ ಒಂದು ರಿಟರ್ನ್ ಸೇರಿಕೊಂಡರೆ ಹೇಗೆ, ಹಾಗೆ. ಭಾರತದಲ್ಲಿ ಹುಟ್ಟುಕಿವುಡಿಗೆ ಕಾರಣವಾಗುವ ಜೀನು ದೋಷಗಳಲ್ಲಿ ಇದು ಮತ್ತೆ ಮತ್ತೆ ಸಿಗುವಂಥದ್ದು.

ಒಂದು ಪ್ರತಿ ಕೆಟ್ಟಿದ್ದರೆ ತೊಂದರೆ ಇಲ್ಲ, ಇನ್ನೊಂದು ಪ್ರತಿ ಕೆಲಸ ಮಾಡುತ್ತದೆ. ಅಂಥವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ತಮ್ಮಲ್ಲಿ ಹೀಗೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ಅಪ್ಪನಿಂದಲೂ ಅಮ್ಮನಿಂದಲೂ ಕೆಟ್ಟದ್ದೇ ಬಂದರೆ ಮಾತ್ರ ಮಗುವಿಗೆ ಕೇಳಿಸುವುದಿಲ್ಲ. ಮನೆಯವರದೆಲ್ಲ ರಕ್ತ ಪರೀಕ್ಷೆ ಆಯಿತು. ಅಕ್ಕನಲ್ಲಿ ಒಂದು ಪ್ರತಿ, ಮಾವನಲ್ಲಿ ಒಂದು, ದೊಡ್ಡಮ್ಮನಲ್ಲಿ ಒಂದು. ಎಲ್ಲರಿಗೂ ಬಂದದ್ದು ನಮ್ಮ ಅಜ್ಜಿಯಿಂದ. ಅಜ್ಜಿ ವರದಿ ಕೇಳಿದ ದಿನ "ನನ್ನಿಂದಾನಾ ಮಗಾ ಇದು?" ಅಂತ ಕೇಳಿದರು. ಅವತ್ತು ನನಗೆ ಉತ್ತರ ಕೊಡಲು ಬರಲಿಲ್ಲ. ಈಗ ಬರುತ್ತದೆ: ಅಜ್ಜಿ, ಇಂಥವು ಒಂದಲ್ಲ ಒಂದು ಎಲ್ಲರಲ್ಲೂ ಇರುತ್ತವೆ. ತಪ್ಪು ಯಾರದ್ದೂ ಅಲ್ಲ. ಗೊತ್ತಾದ ಮೇಲೂ ಗೊತ್ತಿಲ್ಲದವರ ಥರ ಇರುವುದು ತಪ್ಪು.

ನಾನೂ ಪರೀಕ್ಷೆ ಮಾಡಿಸಿದೆ. ನನ್ನಲ್ಲೂ ಇದೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ.

ಈಗ ಹೇಳಿ, ಇದರಲ್ಲಿ ಗೋತ್ರ ಎಲ್ಲಿ ಬಂತು? ಅಕ್ಕನ ಗೋತ್ರ ದೊಡ್ಡಪ್ಪನದು. ಮಾವನ ಗೋತ್ರ ತಾತನದು. ನನ್ನದು ನಮ್ಮಪ್ಪನದು. ಮೂರೂ ಬೇರೆ ಬೇರೆ, ಮೂವರಲ್ಲೂ ಅದೇ ಅಕ್ಷರ. ಅದು ಬಂದದ್ದು ಅಜ್ಜಿಯಿಂದ. ಅಜ್ಜಿಯ ತವರಿನ ಗೋತ್ರ ಯಾವುದು ಅಂತ ಮನೆಯಲ್ಲಿ ಕೇಳಿದರೆ ಯಾರಿಗೂ ನೆನಪಿಲ್ಲ. ನೆನಪಿಟ್ಟುಕೊಳ್ಳುವ ಪದ್ಧತಿಯೇ ಇಲ್ಲವಲ್ಲ!

"ಗೋತ್ರ ಅಂದ್ರೆ ವೈ ಕ್ರೋಮೋಸೋಮು" ಅನ್ನುವ ಫಾರ್ವರ್ಡು ನಿಮಗೂ ಬಂದಿರುತ್ತದೆ. ಅಪ್ಪನಿಂದ ಮಗನಿಗೆ ವೈ ಹೋಗುತ್ತದೆ, ಗೋತ್ರವೂ ಹಾಗೇ ಹೋಗುತ್ತದೆ, ಇಷ್ಟು ನಿಜ. ಆದರೆ ವೈ ಅನ್ನುವುದು ಆ 300 ಕೋಟಿ ಅಕ್ಷರದಲ್ಲಿ ನೂರಕ್ಕೆ ಎರಡರಷ್ಟು. ಉಳಿದ 98ಕ್ಕೆ ಕಾವಲು ಯಾರು? ಹೆಂಗಸರಲ್ಲಿ ವೈ ಇಲ್ಲವೇ ಇಲ್ಲ, ಅವರ ಮೂಲಕ ಬಂದದ್ದಕ್ಕೆ ಗೋತ್ರದಲ್ಲಿ ಲೆಕ್ಕವೇ ಇಲ್ಲ. ಅದಕ್ಕೇ ನಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅಣ್ಣತಂಗಿ, ಸೋದರಮಾವ ಮಾತ್ರ ವರ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ಕಾಲು ಭಾಗ ಡಿ.ಎನ್.ಎ. ಒಂದೇ. ಅತ್ತೆ ಮಗ, ಮಾವನ ಮಗಳ ನಡುವೆ ಎಂಟರಲ್ಲೊಂದು ಭಾಗ. ಗೋತ್ರದ ಪಟ್ಟಿ ಹಿಡಿದು ನೋಡಿದರೆ ಇವರು ಪರರು, ಜೀನು ಹಿಡಿದು ನೋಡಿದರೆ ಹತ್ತಿರದವರು.

ಕರಾವಳಿಯ ಗೆಳೆಯರು ಇನ್ನೊಂದು ಮಜಾ ಹೇಳುತ್ತಾರೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ "ಬರಿ" ಬರುವುದು ಅಮ್ಮನ ಕಡೆಯಿಂದ. ಅಲ್ಲಿ ಅಪ್ಪನ ಕಡೆಯ ಲೆಕ್ಕ ಇಲ್ಲ. ಹಾಗಾದರೆ ಘಟ್ಟದ ಮೇಲಿನ ಪೂರ್ವಿಕರಿಗೆ ಒಂದು ವಿಜ್ಞಾನ, ಘಟ್ಟದ ಕೆಳಗಿನವರಿಗೆ ಅದರ ತದ್ವಿರುದ್ಧ ವಿಜ್ಞಾನ ಗೊತ್ತಿತ್ತೇ? ಇವು ಆಸ್ತಿ, ಮನೆತನ, ಹೆಸರು ಯಾರ ಮೂಲಕ ಹೋಗಬೇಕು ಅನ್ನುವ ಲೆಕ್ಕ. ಅದಕ್ಕೆ ಅದರದ್ದೇ ಚರಿತ್ರೆ ಇದೆ, ಓದೋಣ. ಜೆನೆಟಿಕ್ಸ್ ಅನ್ನುವುದು ಬೇಡ.

ಈ ವಿಷಯದಲ್ಲಿ ನಮ್ಮೂರ ತೋಟದವರೇ ವಾಸಿ. ಅರಸೀಕೆರೆಯಲ್ಲಿ ತೆಂಗಿನ ಸಸಿ ಮಾಡುವವರು ಸುಮ್ಮನೆ ಸಿಕ್ಕ ಕಾಯಿ ನೆಡುವುದಿಲ್ಲ, ಒಳ್ಳೇ ತಾಯಿಮರ ನೋಡಿ ಬಿತ್ತನೆ ಕಾಯಿ ಆರಿಸುತ್ತಾರೆ. ಆದರೂ ಎಲ್ಲ ಸಸಿಯೂ ತಾಯಿಯಂತೆ ಆಗುವುದಿಲ್ಲ, ಯಾಕೆಂದರೆ ನಮ್ಮ ಎತ್ತರದ ತಳಿಯ ಮರದಲ್ಲಿ ಗಂಡು ಹೂವಿನ ಪರಾಗ ಮುಗಿದ ಮೇಲೆ ಹೆಣ್ಣು ಹೂವು ತಯಾರಾಗುತ್ತದೆ. ಪರಾಗ ಪಕ್ಕದ ತೋಟದ್ದೂ ಇರಬಹುದು. ತೋಟದವನಿಗೆ ತಾಯಿ ಗೊತ್ತು, ತಂದೆ ಗೊತ್ತಿಲ್ಲ, ಮತ್ತು ಗೊತ್ತಿಲ್ಲ ಅನ್ನುವುದು ಅವನಿಗೆ ಗೊತ್ತು. ಗೋತ್ರ ಹೇಳುವವರಿಗೆ ತಂದೆ ಗೊತ್ತು, ತಾಯಿಯನ್ನು ಬಿಟ್ಟಿದ್ದೇವೆ ಅನ್ನುವುದೇ ಗೊತ್ತಿಲ್ಲ.

ಹಾಗಂತ ಸಂಬಂಧದಲ್ಲಿ ಮದುವೆಯಾದವರಿಗೆಲ್ಲ ಹೀಗೇ ಆಗುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಯಾವುದೇ ದಂಪತಿಗೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಎರಡು ಮೂರಕ್ಕೆ ಗಂಭೀರವಾದ ಹುಟ್ಟುತೊಂದರೆ ಇರುತ್ತದೆ. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಅದು ಹೆಚ್ಚುಕಮ್ಮಿ ಎರಡರಷ್ಟು. ಅಂದರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಸುಮಾರು ಕಾಲು ಭಾಗ ಸಂಬಂಧದೊಳಗೇ ಮದುವೆಯಾದವರು. ಇಷ್ಟು ಜನರಿರುವ ನಾಡಿನಲ್ಲಿ ಆ "ಎರಡರಷ್ಟು" ಸಣ್ಣದಲ್ಲ. ಮೇಲಾಗಿ, ದೋಷ ಇದೆ ಅಂತ ಮೊದಲೇ ಗೊತ್ತಿರುವ ನಮ್ಮಂಥ ಮನೆಗೆ ಈ ಸರಾಸರಿ ಲೆಕ್ಕ ಸಲ್ಲುವುದೂ ಇಲ್ಲ.

ನಮ್ಮ ಮನೆಯ ಲೆಕ್ಕ ಹೀಗಿದೆ. ದೊಡ್ಡಮ್ಮನಲ್ಲಿ ಆ ಅಕ್ಷರ ಇದೆ, ಹಾಗಾಗಿ ಎರಡನೇ ಮಗಳಲ್ಲಿ ಇರುವ ಸಾಧ್ಯತೆ 2ರಲ್ಲಿ 1. ಅಜ್ಜಿಯಿಂದ ದೊಡ್ಡ ಮಾವನಿಗೆ ಬಂದಿರುವ ಸಾಧ್ಯತೆ 2ರಲ್ಲಿ 1, ಅವರ ಮಗನಿಗೆ 4ರಲ್ಲಿ 1. ಇಬ್ಬರಲ್ಲೂ ಇರುವುದು 8ರಲ್ಲಿ 1. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ 4ರಲ್ಲಿ 1. ಒಟ್ಟು 32ರಲ್ಲಿ 1. ಇದು ಈಗಿನ ಲೆಕ್ಕ, ಕತ್ತಲಲ್ಲಿ ಕೂತು ಹಾಕಿದ್ದು. ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಇದು ಹೆಚ್ಚುಕಮ್ಮಿ ಸೊನ್ನೆ ಆಗಿಬಿಡಬಹುದು, ಎಲ್ಲರೂ ನೆಮ್ಮದಿಯಾಗಿ ಲಗ್ನಪತ್ರಿಕೆ ಬರೆಸಬಹುದು. ಇಲ್ಲವಾದರೆ 4ರಲ್ಲಿ 1 ಅಂತಾಗುತ್ತದೆ, ಆಗ ಏನು ಮಾಡಬೇಕು ಅನ್ನುವುದನ್ನು ಹುಡುಗ ಹುಡುಗಿ ತಿಳಿದು ನಿರ್ಧಾರ ಮಾಡಬಹುದು. ಎರಡರಲ್ಲಿ ಯಾವುದಾದರೂ ತಿಳಿದಿರುವುದೇ ಮೇಲು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಇದಕ್ಕೆಂದೇ ಸಲಹೆ ಕೊಡುವವರಿದ್ದಾರೆ. ಜಾತಕ ಹಿಡಿದು ನಾಲ್ಕು ಊರು ಅಲೆಯುವವರಿಗೆ ಇದೊಂದು ದೂರವಾಯಿತೇ?

"ಸಂಬಂಧದಲ್ಲಿ ಮಾಡಿಲ್ಲಪ್ಪ, ನಮ್ಮದೇ ಜಾತಿಯಲ್ಲಿ ಹೊರಗೆ ಮಾಡಿದ್ದೀವಿ" ಅನ್ನುವವರೂ ಪೂರ್ತಿ ನಿರಾಳ ಆಗುವಂತಿಲ್ಲ. 2017ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ.ಯವರು ಹಾರ್ವರ್ಡಿನವರ ಜೊತೆ ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದರು. 81 ಗುಂಪುಗಳು ಬಹಳ ಹಿಂದಿನ ಕೆಲವೇ ಜನರಿಂದ ಬೆಳೆದು, ಒಳಗೊಳಗೇ ಮದುವೆಯಾಗುತ್ತಾ ಬಂದಂಥವು. ಇಂಥ ಗುಂಪಿನಲ್ಲಿ ನೆಂಟಸ್ತನ ನೆನಪಿಲ್ಲದಿದ್ದರೂ ಒಂದೇ ದೋಷ ಇಬ್ಬರಲ್ಲೂ ಸಿಗುವುದು ಹೆಚ್ಚು. ಗೋತ್ರ ಬೇರೆ ಇರಲೇಬೇಕು, ಜಾತಿ ಒಂದೇ ಇರಲೇಬೇಕು... ಇದು ಡಿ.ಎನ್.ಎ. ಗೊತ್ತಿದ್ದವರು ಮಾಡುವ ನಿಯಮವೇ? ಹೇಳಿ.

ಅವತ್ತು ಮಧ್ಯಾಹ್ನ ಬೇಲೂರಿಗೆ ಬಂದೆವು. ಚೆನ್ನಕೇಶವನ ಗುಡಿ, ವಿಷ್ಣುವರ್ಧನನ ಕಾಲ, 1117. ದೊಡ್ಡಪ್ಪ ಇನ್ನೂ ಅದೇ ಗುಂಗಿನಲ್ಲಿದ್ದರು. ನಾನು ತಲೆ ಎತ್ತಿ ಶಿಲಾಬಾಲಿಕೆಯರ ಕೆಳಗೆ ಕೆತ್ತಿರುವ ಅಕ್ಷರ ನೋಡುತ್ತಿದ್ದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ಮಾಡಿದವರ ಹೆಸರು ಅಲ್ಲಿದೆ. ಹೊಯ್ಸಳರ ಕಾಲದ ಈ ಜನ ಬರೆಯಲು ಹಿಂಜರಿದವರೇ ಅಲ್ಲ. ಯಾರು ಯಾವ ಗುಡಿಗೆ ಎಷ್ಟು ಗದ್ದೆ ಬಿಟ್ಟರು, ದೀಪಕ್ಕೆ ಎಣ್ಣೆ ಯಾರದು, ಯುದ್ಧದಲ್ಲಿ ಸತ್ತವರು ಯಾರು, ಎಲ್ಲ ಕಲ್ಲಿನ ಮೇಲಿದೆ. ಹಾಸನ ಜಿಲ್ಲೆಯ ಶಾಸನಗಳಿಗೆಂದೇ ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂದು ಇಡೀ ಸಂಪುಟ ಮೀಸಲಿಟ್ಟರು. ಎಣ್ಣೆಯ ಲೆಕ್ಕ ಬರೆದವರು, ಜೀವದ ಗುಟ್ಟು ಗೊತ್ತಿದ್ದರೆ ಅದನ್ನು ಹಾವಿನ ಒಗಟು ಮಾಡಿ ಸುಮ್ಮನಾಗುತ್ತಿದ್ದರೇ?

ದಾಸೋಜನಿಗೆ ಡಿ.ಎನ್.ಎ. ಗೊತ್ತಿರಲಿಲ್ಲ. ಅವನಿಗೆ ಕಲ್ಲು ಗೊತ್ತಿತ್ತು. ಆ ಬಳಪದ ಕಲ್ಲಿನಲ್ಲಿ ಬಳೆಯೊಳಗೆ ಬೆರಳು ಆಡಿಸಬಹುದು ಅನ್ನುವ ಹಾಗೆ ಕಡೆಯುವುದು ಗೊತ್ತಿತ್ತು. ಅಷ್ಟು ಸಾಲದೇ? ಅವನು ಮಾಡದೇ ಇದ್ದದ್ದನ್ನು ಅವನ ತಲೆಗೆ ಕಟ್ಟಿ, ಅವನು ಮಾಡಿದ್ದನ್ನು ಓದದೇ ಹೋಗುವುದು ಯಾವ ಥರದ ಗೌರವ? ಅವತ್ತು ನಮ್ಮ ಗುಂಪಿನ ಹದಿನಾಲ್ಕು ಜನದಲ್ಲಿ ದಾಸೋಜನ ಹೆಸರು ಕೇಳಿದ್ದವರು ಇಬ್ಬರು. ಹಾವಿನ ಡಿ.ಎನ್.ಎ. ಬಗ್ಗೆ ಕೇಳದವರು ಯಾರೂ ಇರಲಿಲ್ಲ.

ಹೆಸರಿನ ಮಾತು ಬಂತಲ್ಲ, ಪಶ್ಚಿಮದವರದ್ದೂ ಹೇಳಿಬಿಡುತ್ತೇನೆ. ಡಿ.ಎನ್.ಎ.ಯ ಸುರುಳಿಗೆ ಗಟ್ಟಿ ಸಾಕ್ಷಿಯಾದ "ಫೋಟೋ 51" ಅನ್ನುವ ಎಕ್ಸ್-ರೇ ಚಿತ್ರ ತೆಗೆದದ್ದು ಲಂಡನ್ನಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ಗಾಸ್ಲಿಂಗ್, 1952ರಲ್ಲಿ. ಅವರಿಗೆ ತಿಳಿಯದಂತೆ ಆ ಚಿತ್ರ ವಾಟ್ಸನ್ ಕಣ್ಣಿಗೆ ಬಿತ್ತು. 1953ರ ಏಪ್ರಿಲ್ 25ರ ನೇಚರ್ ಸಂಚಿಕೆಯಲ್ಲಿ ಫ್ರಾಂಕ್ಲಿನ್ ಲೇಖನವೂ ಇತ್ತು, ಆದರೆ ಹೆಸರು ಉಳಿದದ್ದು ವಾಟ್ಸನ್ ಮತ್ತು ಕ್ರಿಕ್‌ರದ್ದು. ಫ್ರಾಂಕ್ಲಿನ್ 1958ರಲ್ಲಿ 37ನೇ ವಯಸ್ಸಿಗೆ ತೀರಿಕೊಂಡರು. 1962ರ ನೊಬೆಲ್ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಪಾಲಾಯಿತು. ಮಾಡಿದವರ ಹೆಸರು ಕೆಳಗೆ ಕೆತ್ತುವ ವಿಷಯದಲ್ಲಿ ಕೇಂಬ್ರಿಜ್‌ಗಿಂತ 836 ವರ್ಷ ಮುಂಚಿನ ಬೇಲೂರು ಮುಂದಿತ್ತು. ಹೆಮ್ಮೆ ಪಡಬೇಕೇ? ಪಡಿ, ಇದಕ್ಕೆ ಪಡಿ.

ದಾಸೋಜನ ಬಳ್ಳಿಗಾವೆ ಇರುವುದು ಶಿಕಾರಿಪುರ ತಾಲೂಕಿನಲ್ಲಿ. ಪಕ್ಕದ್ದೇ ಸಾಗರ ತಾಲೂಕು. ಅಲ್ಲಿನ ಹಂದಿಗೋಡು ಅನ್ನುವ ಊರಿನ ಹೆಸರು ವೈದ್ಯರ ಪುಸ್ತಕದಲ್ಲಿ ಸೇರಿದೆ. 1970ರ ದಶಕದ ನಡುವಿನಲ್ಲಿ ಅಲ್ಲಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಬಡ ಕೂಲಿಕಾರರ ಮನೆಗಳಲ್ಲಿ ಸೊಂಟ, ಮಂಡಿ ಸವೆದು ನಡೆಯಲಾಗದವರು ಒಬ್ಬರ ಹಿಂದೆ ಒಬ್ಬರು ಕಾಣಿಸಿಕೊಂಡರು. ಗದ್ದೆಗೆ ಹೊಡೆದ ಔಷಧಿ ಏಡಿಯಲ್ಲಿ ಸೇರಿ, ಏಡಿ ತಿಂದವರಿಗೆ ಹೀಗಾಯಿತು ಅಂತ ಮೊದಲು ಶಂಕೆ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, ಆಮೇಲೆ ಐ.ಸಿ.ಎಂ.ಆರ್. ಬಂತು. ಯಾರ ಮಗ ಯಾರು, ಯಾರಿಗೆ ಯಾವಾಗ ನೋವು ಶುರುವಾಯಿತು ಅಂತ ವಂಶವೃಕ್ಷ ಬರೆದು ನೋಡಿದ ಮೇಲೆ ತಿಳಿದದ್ದು, ಇದು ಜೀನಿನಲ್ಲಿ ಬರುವ ಮೂಳೆಯ ಕಾಯಿಲೆ ಅಂತ. ನಮ್ಮ ಮನೆಯದಕ್ಕಿಂತ ಇದು ಕಠೋರ: ಒಂದೇ ಪ್ರತಿ ಕೆಟ್ಟರೂ ಸಾಕು, ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ 2ರಲ್ಲಿ 1.

ಪೂರ್ವಿಕರಿಗೆ ಎಲ್ಲ ಗೊತ್ತಿತ್ತು ಅನ್ನುವವರು ಒಮ್ಮೆ ಹಂದಿಗೋಡಿನ ಮುಂದೆ ನಿಂತು ಅದನ್ನೇ ಹೇಳಲಿ. ಗೊತ್ತಿದ್ದರೆ ಈ ಜನಕ್ಕೆ ಯಾಕೆ ಹೇಳಲಿಲ್ಲ? ಗೊತ್ತಿರಲಿಲ್ಲ ಅನ್ನುವುದೇ ಮರ್ಯಾದೆಯ ಉತ್ತರ. ಗೊತ್ತಾದದ್ದು ಹೀಗೆ, ನಡೆದು, ಮನೆ ಬಾಗಿಲಲ್ಲಿ ಕೂತು, ಕೇಳಿ, ಬರೆದುಕೊಂಡು.

ಇನ್ನು ನಮ್ಮ ಕಡೆಗೆ, ಅಂದರೆ ಕನ್ನಡದಲ್ಲಿ ಬ್ಲಾಗಿಸುವ ನಮ್ಮ ನಿಮ್ಮ ಕಡೆಗೆ. "ಕನ್ನಡ ನಮ್ಮ ಡಿ.ಎನ್.ಎ.ನಲ್ಲೇ ಇದೆ" ಅಂತ ನವೆಂಬರ್ ಬಂದರೆ ನಾವೂ ಬರೆಯುತ್ತೇವೆ. ನಾನೂ ಬರೆದಿದ್ದೇನೆ, ಹಳೇ ಪೋಸ್ಟು ಹುಡುಕಿ ಬೈಯಬಹುದು :-( ಅಕ್ಕನ ಮಗ ನನಗೆ ಬುದ್ಧಿ ಕಲಿಸಿದ. ಅಪ್ಪ ಕನ್ನಡ, ಅಮ್ಮ ಕನ್ನಡ, ತಲೆತಲಾಂತರದಿಂದ ಕನ್ನಡದ ಮನೆ. ಕನ್ನಡ ಡಿ.ಎನ್.ಎ.ನಲ್ಲಿ ಇದ್ದಿದ್ದರೆ ಆ ಮಗುವಿಗೆ ಬರಬೇಕಿತ್ತಲ್ಲ? ಎರಡು ವರ್ಷವಾದರೂ ಒಂದು ಪದ ಬರಲಿಲ್ಲ. ಒಳಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮೇಲೆ ಅಕ್ಕ ಅವನನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಮೈಸೂರಿನಲ್ಲಿ ಬಾಡಿಗೆ ರೂಮಿನಲ್ಲಿದ್ದಳು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಒಂದೊಂದು ಶಬ್ದವನ್ನೂ ನೂರು ಸಲ ಹೇಳಿ ಹೇಳಿ ಕಲಿಸಿದರು. ನೀರು. ಬಾ. ಅಮ್ಮ. ಜೀನು ಕೊಡುವುದು ಕಿವಿಯ ಬಾಗಿಲಿನ ಪ್ರೋಟೀನು. ಕನ್ನಡ ಕೊಡುವುದು ಮನುಷ್ಯರು. ಹಾಗೆಯೇ ದಾಸೋಜ ತನ್ನ ಮಗನಿಗೆ ಕೊಟ್ಟ ಉಳಿಯ ಪಾಠವೂ. ಅದು ರಕ್ತದಲ್ಲಿ ಬಂದದ್ದಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು.

ನಾಗರಕಲ್ಲಿನ ಬಗ್ಗೆ ನನಗೆ ಅಗೌರವ ಇಲ್ಲ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ನೆಟ್ಟ ಕಲ್ಲುಗಳು ಅವು. ನಮ್ಮಜ್ಜಿಯೂ ನಾಗರಪಂಚಮಿಗೆ ತನಿ ಎರೆಯುತ್ತಾರೆ, ಎರೆಯಲಿ. ಮಗು ಬೇಕು, ಆ ಮಗು ಚೆನ್ನಾಗಿರಬೇಕು ಅನ್ನುವ ಆಸೆ ಆ ಕಲ್ಲಿನಲ್ಲಿದೆ. ಅದೇ ಆಸೆಗೇ ನಾನು ರಕ್ತ ಪರೀಕ್ಷೆ ಮಾಡಿಸಿ ಅಂದದ್ದು.

ವಾಪಸು ಬರುವಾಗ ವ್ಯಾನಿನಲ್ಲಿ ಇಷ್ಟನ್ನೂ, ಇದಕ್ಕಿಂತ ಜೋರಾಗಿ, ಹೇಳಿದೆ. ದೊಡ್ಡಪ್ಪ ಅರಸೀಕೆರೆ ಬರುವವರೆಗೂ ಮಾತಾಡಲಿಲ್ಲ. ಈಗಲೂ ನನ್ನ ಫೋನು ಎತ್ತುತ್ತಿಲ್ಲ. ಹುಡುಗಿ ಮಾತ್ರ ಮೊನ್ನೆ ಮೆಸೇಜು ಮಾಡಿದಳು: "ಅಣ್ಣಾ, ನಾವಿಬ್ಬರೂ ಮಾತಾಡಿಕೊಂಡಿದ್ದೀವಿ. ಎಲ್ಲಿಗೆ ಹೋಗಬೇಕು, ಏನು ತಗೊಂಡು ಹೋಗಬೇಕು ಹೇಳು. ಅಪ್ಪನಿಗೆ ಆಮೇಲೆ ಹೇಳೋಣ."

ಶನಿವಾರ ಕರೆದುಕೊಂಡು ಹೋಗುತ್ತಿದ್ದೇನೆ.

ನಿಮ್ಮ ಮನೆಗಳಲ್ಲೂ ಇಂಥ ಮಾತು ಬಂದಿರುತ್ತದೆ. ಮುಂದಿನ ಸಲ ಆ ಫಾರ್ವರ್ಡು ಬಂದಾಗ ನಕ್ಕು ಸುಮ್ಮನಾಗಬೇಡಿ. ಒಂದೇ ಪ್ರಶ್ನೆ ಕೇಳಿ ಸಾಕು: "ಅಜ್ಜಿಯ ತವರಿನ ಗೋತ್ರ ಯಾವುದು?"